ಎಲ್ಲಿ ನಿಂತು ನೋಡಿದೆ ಅಂತ ಹೇಳು

ಪ್ರೀತಿಯ ತಂಗಿ,

ನೀನು ಕಳಿಸಿದ ಎರಡೂ ಬರಹ ಓದಿದೆ. ಒಂದು ವಿಜ್ಞಾನದ ಲೇಖನ, ಇನ್ನೊಂದು ಕಥೆ. ಜೊತೆಗೆ ನಿನ್ನ ಪ್ರಶ್ನೆಯೂ ಇದೆ. ವಿಜ್ಞಾನ ಬರೆಯುವಾಗ ನಿನ್ನನ್ನು ಪೂರ್ತಿ ಹೊರಗಿಡು ಅಂತ ಒಬ್ಬರು ಹೇಳಿದ್ದಾರೆ. ಕಥೆ ಬರೆಯುವಾಗ ನಿನಗೆ ಅನಿಸಿದ್ದೇ ಸತ್ಯ, ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ ಅಂತ ಇನ್ನೊಬ್ಬರು ಹೇಳಿದ್ದಾರೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀಯ. ಇಬ್ಬರ ಮಾತನ್ನೂ ಅರ್ಧರ್ಧ ಕೇಳು. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

1796ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಡೇವಿಡ್ ಕಿನ್ನಿಬ್ರೂಕ್ ಎಂಬ ಸಹಾಯಕ ಕೆಲಸ ಕಳೆದುಕೊಂಡ. ಅವನು ಮಾಡುತ್ತಿದ್ದ ಕೆಲಸ ಕೇಳುವುದಕ್ಕೆ ಸುಲಭ. ದೂರದರ್ಶಕದೊಳಗೆ ಒಂದು ತೆಳು ತಂತಿ ಇರುತ್ತದೆ, ನಕ್ಷತ್ರ ಅದನ್ನು ಯಾವ ಕ್ಷಣದಲ್ಲಿ ದಾಟಿತು ಅಂತ ಬರೆದಿಡಬೇಕು. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಟಕ್ ಟಕ್ ಮೇಲೆ. ಒಂದು ಟಕ್ ಅನ್ನುವಾಗ ನಕ್ಷತ್ರ ತಂತಿಯ ಈಚೆ ಇರುತ್ತದೆ, ಮುಂದಿನ ಟಕ್ ಅನ್ನುವಷ್ಟರಲ್ಲಿ ಆಚೆ ಹೋಗಿರುತ್ತದೆ. ನಡುವೆ ಎಲ್ಲಿ ದಾಟಿತು ಅನ್ನುವುದನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಮಟ್ಟಿಗೆ ಅಂದಾಜು ಮಾಡಬೇಕು. ಇವನ ಸಮಯ ಮೇಲಧಿಕಾರಿ ನೆವಿಲ್ ಮ್ಯಾಸ್ಕಲಿನ್ ಅವರ ಸಮಯಕ್ಕಿಂತ ಸುಮಾರು 0.8 ಸೆಕೆಂಡ್ ತಡವಾಗಿ ಬರುತ್ತಿತ್ತು. ತಪ್ಪು ಇವನದೇ ಅಂತ ತೀರ್ಮಾನವಾಯಿತು, ಮನೆಗೆ ಕಳಿಸಿದರು.

ಎಷ್ಟೋ ವರ್ಷ ಕಳೆದ ಮೇಲೆ ಫ್ರೆಡ್ರಿಕ್ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞರ ಕಣ್ಣಿಗೆ ಈ ವಿಷಯ ಬಿತ್ತು. ಅವರು ಬೇರೆಯವರನ್ನು ಅಳೆಯುವ ಮೊದಲು ತಮ್ಮನ್ನೇ ಅಳೆದುಕೊಂಡರು. 1820ರ ಸುಮಾರಿಗೆ ತಮ್ಮ ಸಮಯವನ್ನೂ ಇನ್ನೊಬ್ಬ ನುರಿತ ಖಗೋಳಜ್ಞರ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸೆಕೆಂಡಿನಷ್ಟು ವ್ಯತ್ಯಾಸ! ಇಬ್ಬರೂ ಪಳಗಿದವರು, ಇಬ್ಬರಿಗೂ ಗಮನ ಚೆನ್ನಾಗಿದೆ, ಆದರೂ ಇಷ್ಟು. ಅಂದರೆ ಆ ಸಹಾಯಕ ಸೋಮಾರಿಯಾಗಿರಲಿಲ್ಲ. ನೋಡುವುದು, ಕೇಳುವುದು, ಎರಡನ್ನೂ ಕೂಡಿಸುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ ನಡೆಯುತ್ತದೆ, ಅಷ್ಟೇ. ಆಮೇಲೆ ಖಗೋಳಜ್ಞರು ಇದಕ್ಕೆ ವೈಯಕ್ತಿಕ ಸಮೀಕರಣ ಅಂತ ಹೆಸರಿಟ್ಟರು. ಈ ವೀಕ್ಷಕರು ಇಷ್ಟು ಬೇಗ ಗುರುತು ಹಾಕುತ್ತಾರೆ, ಆ ವೀಕ್ಷಕರು ಇಷ್ಟು ತಡ ಅಂತ ಮೊದಲೇ ತಿಳಿದುಕೊಂಡು ಲೆಕ್ಕದಲ್ಲಿ ಸರಿಪಡಿಸತೊಡಗಿದರು.

ಇಲ್ಲಿ ಒಂದು ವಿಷಯ ಗಮನಿಸು. ನೋಡುವ ಮನುಷ್ಯನನ್ನು ಅವರು ಕಿತ್ತು ಹಾಕಲಿಲ್ಲ. ಕಿತ್ತು ಹಾಕಿದರೆ ನಕ್ಷತ್ರ ನೋಡುವುದಕ್ಕೆ ಯಾರು ಇರುತ್ತಾರೆ? ಅವನು ಎಷ್ಟು, ಯಾವ ಕಡೆಗೆ ವಾಲುತ್ತಾನೆ ಅಂತ ಬರೆದಿಟ್ಟುಕೊಂಡರು. ನಿನಗೆ ನಾನು ಹೇಳಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ನಿನ್ನ ನೋಟವನ್ನು ಬಚ್ಚಿಡಬೇಡ, ಅದನ್ನೇ ನಂಬಿಕೊಂಡು ಕೂರಲೂ ಬೇಡ, ಅದು ಯಾವ ಕಡೆ ಎಳೆಯುತ್ತದೆ ಅಂತ ತಿಳಿದುಕೊಂಡು ಬರೆ. ವಿಜ್ಞಾನಕ್ಕೂ ಇದೇ ಮಾತು, ಕಥೆಗೂ ಇದೇ.

ಆದರೆ ವಾಲುವುದು ಅಂದ ತಕ್ಷಣ ಅದೇನೋ ದೋಷ, ತೊಳೆದು ಹಾಕಬೇಕಾದ ಕೊಳೆ ಅಂತ ಅನಿಸಬಹುದು. ಹಾಗಲ್ಲ. ಎಷ್ಟೋ ಸಲ ಆ ವಾಲು ಇದ್ದದ್ದರಿಂದಲೇ ಬೇರೆಯವರಿಗೆ ಕಾಣದ್ದು ಒಬ್ಬರಿಗೆ ಕಂಡಿದೆ.

ಚಂದ್ರನನ್ನೇ ತಗೋ. 1609ರ ಜುಲೈನಲ್ಲಿ ಲಂಡನ್ ಹತ್ತಿರ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದರು. ಗೆಲಿಲಿಯೋ ಚಂದ್ರನ ಚಿತ್ರ ಬರೆಯುವುದಕ್ಕೆ ತಿಂಗಳುಗಳ ಮುಂಚೆ. ಹ್ಯಾರಿಯಟ್ ಸಾಮಾನ್ಯರಲ್ಲ, ಆ ಕಾಲದ ದೊಡ್ಡ ಗಣಿತಜ್ಞ. ಆದರೆ ಆ ಹಾಳೆಯಲ್ಲಿ ಇರುವುದೇನು? ಬೆಳಕಿನ ಭಾಗವನ್ನೂ ಕತ್ತಲೆಯ ಭಾಗವನ್ನೂ ಬೇರೆ ಮಾಡುವ ಒಂದು ಅಂಕುಡೊಂಕು ಗೆರೆ, ಅಲ್ಲಲ್ಲಿ ಒಂದಿಷ್ಟು ಕಪ್ಪು ಗುರುತು. ಗೆರೆ ಯಾಕೆ ಅಂಕುಡೊಂಕಾಗಿದೆ ಅನ್ನುವುದಕ್ಕೆ ಆ ಚಿತ್ರದಲ್ಲಿ ಉತ್ತರ ಇಲ್ಲ. ಅದೇ ವರ್ಷದ ಕೊನೆಯಲ್ಲಿ ಪಾದುವಾದಲ್ಲಿ ಗೆಲಿಲಿಯೋ ನೋಡಿದರು. ಕತ್ತಲೆಯ ಭಾಗದೊಳಗೆ, ಗೆರೆಯಿಂದ ದೂರದಲ್ಲಿ, ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಂಡವು. ಬಿಡದೆ ನೋಡುತ್ತಾ ಕೂತರು. ಹೊತ್ತು ಕಳೆದ ಹಾಗೆ ಚುಕ್ಕೆಗಳು ದೊಡ್ಡದಾಗುತ್ತಾ ಹೋದವು, ಕೊನೆಗೆ ಬೆಳಕಿನ ಭಾಗದ ಜೊತೆ ಸೇರಿಕೊಂಡವು. ಬೆಳಗ್ಗೆ ಬೆಟ್ಟದ ತುದಿಗೆ ಮೊದಲು ಬಿಸಿಲು ಬಿದ್ದು ಆಮೇಲೆ ಕೆಳಗೆ ಇಳಿಯುತ್ತದಲ್ಲ, ಇದೂ ಹಾಗೇ ಅಂತ ಅವರು ಬರೆದರು. ಚಂದ್ರನಲ್ಲಿ ಬೆಟ್ಟ ಇದೆ ಅಂತ ಹೇಳಿ ಸುಮ್ಮನಾಗದೆ ಆ ಬೆಳಕಿನ ತುದಿ ಗೆರೆಯಿಂದ ಎಷ್ಟು ದೂರ ಇದೆ ಅನ್ನುವುದನ್ನು ಹಿಡಿದು ಬೆಟ್ಟದ ಎತ್ತರವನ್ನೂ ಲೆಕ್ಕ ಹಾಕಿದರು.

ಗೆಲಿಲಿಯೋ ಅವರ ದೂರದರ್ಶಕ ಜಾಸ್ತಿ ಶಕ್ತಿಯದು, ಅದನ್ನು ಮರೆಯಬಾರದು. ಹ್ಯಾರಿಯಟ್ ಅವರದ್ದು ಸುಮಾರು 6 ಪಟ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರೆ ಇವರದ್ದು 20 ಪಟ್ಟು. ಆದರೆ ಕಾರಣ ಅದೊಂದೇ ಅಂತ ನನಗೆ ಅನಿಸುವುದಿಲ್ಲ. ಗೆಲಿಲಿಯೋಗೆ ಚಿತ್ರ ಬಿಡಿಸುವುದು ಗೊತ್ತಿತ್ತು. ಉಬ್ಬು ತಗ್ಗು ಇರುವ ವಸ್ತುವಿನ ಮೇಲೆ ಒಂದು ಕಡೆಯಿಂದ ಬೆಳಕು ಬಿದ್ದರೆ ನೆರಳು ಯಾವ ಆಕಾರದಲ್ಲಿ ಬೀಳುತ್ತದೆ ಅಂತ ಆ ಕೈಗೆ ಗೊತ್ತಿತ್ತು. 1613ರಲ್ಲಿ ಫ್ಲಾರೆನ್ಸ್‌ನ ಚಿತ್ರಕಲೆಯ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು, ಅಷ್ಟು ನಂಟು. ಕಪ್ಪು ಗುರುತನ್ನು ಅವರು ನೆರಳು ಅಂತ ಓದಿದರು. ಹ್ಯಾರಿಯಟ್‌ಗೆ ಅದು ಸುಮ್ನೆ ಕಪ್ಪು ಗುರುತಾಗಿ ಉಳಿದಿತ್ತು. 1610ರಲ್ಲಿ ಗೆಲಿಲಿಯೋ ಪುಸ್ತಕ ಬಂದ ಮೇಲೆ ಹ್ಯಾರಿಯಟ್ ಬರೆದ ಚಂದ್ರನ ಚಿತ್ರಗಳಲ್ಲಿ ಗುಂಡನೆಯ ಕುಳಿಗಳು ಕಾಣಿಸಿಕೊಂಡವು. ಆಕಾಶದಲ್ಲಿ ಏನೂ ಬದಲಾಗಿರಲಿಲ್ಲ, ಅಲ್ವಾ? ಇನ್ನೊಂದು ಖುಷಿಯ ಸಂಗತಿ. ಗೆಲಿಲಿಯೋ ಸ್ನೇಹಿತರಾಗಿದ್ದ ಚಿತ್ರಕಾರ ಚಿಗೊಲಿ ರೋಮ್‌ನ ಒಂದು ದೊಡ್ಡ ಚರ್ಚಿನಲ್ಲಿ ಮೇರಿಯ ಕಾಲ ಕೆಳಗೆ ಚಂದ್ರನನ್ನು ಬರೆಯುವಾಗ ನುಣ್ಣಗಿನ ಚಂದ್ರನನ್ನು ಬಿಟ್ಟು ಕುಳಿ ಬಿದ್ದ ಚಂದ್ರನನ್ನೇ ಬರೆದರು. ಕಲೆ ಕೊಟ್ಟ ಕಣ್ಣು ವಿಜ್ಞಾನಕ್ಕೆ ಹೋಗಿ, ವಿಜ್ಞಾನ ಕಂಡದ್ದು ತಿರುಗಿ ಕಲೆಗೆ ಬಂತು.

ಅದೇ ಕಣ್ಣು ಹೆಚ್ಚು ಮಾಡಿಯೂ ತೋರಿಸಿತು ಅನ್ನು. ಗೆಲಿಲಿಯೋ ಪುಸ್ತಕದ ಚಿತ್ರದಲ್ಲಿ ಒಂದು ಕುಳಿ ಇರುವುದಕ್ಕಿಂತ ಎಷ್ಟೋ ದೊಡ್ಡದಾಗಿದೆ. ಚಿತ್ರಗಾರನ ಕೈ ಮುಖ್ಯವಾದದ್ದನ್ನು ದೊಡ್ಡದು ಮಾಡುತ್ತದೆ. ನೀನೂ ಮಾಡುತ್ತೀಯ, ನಾನೂ ಮಾಡುತ್ತೇನೆ.

ಇನ್ನೊಂದು ಜೋಡಿ ನನಗೆ ಇದಕ್ಕಿಂತಲೂ ಇಷ್ಟ. ಮಿದುಳಿನ ಕೋಶಗಳನ್ನು ನೋಡುವುದು ಬಹಳ ಕಷ್ಟವಾಗಿತ್ತು, ಎಲ್ಲಾ ಒಂದರೊಳಗೊಂದು ಹೆಣೆದುಕೊಂಡು ಏನೂ ತಿಳಿಯುತ್ತಿರಲಿಲ್ಲ. 1873ರಲ್ಲಿ ಇಟಲಿಯ ಕಮಿಲ್ಲೋ ಗೊಲ್ಗಿ ಒಂದು ವಿಧಾನ ಕಂಡುಹಿಡಿದರು. ಬೆಳ್ಳಿಯ ಲವಣ ಬಳಸಿದರೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಪೂರ್ತಿ ಕಪ್ಪಾಗುತ್ತದೆ, ಸುತ್ತಲಿನದು ಹಳದಿಯಾಗಿ ಉಳಿಯುತ್ತದೆ. 1887ರಲ್ಲಿ ಸ್ಪೇನ್‌ನ ಸಾಂತಿಯಾಗೋ ರಾಮೋನ್ ಇ ಕಹಾಲ್ ಇದನ್ನು ನೋಡಿ ಬೆರಗಾಗಿ ಹಗಲು ರಾತ್ರಿ ಇದರ ಹಿಂದೆ ಬಿದ್ದರು. ಒಂದೇ ಬಣ್ಣ, ಒಂದೇ ಥರದ ಸ್ಲೈಡ್. ಗೊಲ್ಗಿಗೆ ಕಂಡದ್ದು ಒಂದಕ್ಕೊಂದು ಅಂಟಿಕೊಂಡು ಹಬ್ಬಿದ ಒಂದೇ ದೊಡ್ಡ ಬಲೆ. ಕಹಾಲ್‌ಗೆ ಕಂಡದ್ದು ಬಿಡಿ ಬಿಡಿ ಕೋಶ, ಒಂದರ ತುದಿ ಇನ್ನೊಂದರ ಹತ್ತಿರ ಬಂದು ನಿಲ್ಲುತ್ತದೆ, ಸೇರಿಕೊಳ್ಳುವುದಿಲ್ಲ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಬಂತು. ಒಂದೇ ವೇದಿಕೆ, ಒಂದೇ ಬಹುಮಾನ, ಆದರೂ ಗೊಲ್ಗಿ ತಮ್ಮ ಭಾಷಣದಲ್ಲಿ ಕಹಾಲ್ ಎತ್ತಿಹಿಡಿದಿದ್ದ ಸಿದ್ಧಾಂತವನ್ನೇ ಅಲ್ಲಗಳೆದರು!

ಕಹಾಲ್ ಚಿಕ್ಕವರಿದ್ದಾಗ ಚಿತ್ರಕಾರ ಆಗಬೇಕು ಅಂತ ಹಟ ಹಿಡಿದಿದ್ದರು. ವೈದ್ಯರಾಗಿದ್ದ ಅಪ್ಪ ಒಪ್ಪಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ, ಮಿದುಳಿನ ಚಿತ್ರಗಳನ್ನು ಸಾವಿರಗಟ್ಟಲೆ ಬರೆದರು. ಅವನ್ನು ಒಮ್ಮೆ ಹುಡುಕಿ ನೋಡು. ಒಂದೊಂದು ಕೋಶಕ್ಕೂ ಬೇರು, ಕಾಂಡ, ಕೊಂಬೆ ಇರುವ ಮರದಂಥ ಮೈ. ಒಂದು ಚಿತ್ರ ಒಂದೇ ಸ್ಲೈಡಿನ ನಕಲೂ ಅಲ್ಲ, ಎಷ್ಟೋ ಸಲ ಹಲವಾರು ಸ್ಲೈಡ್ ನೋಡಿ, ಯಾವುದು ಮುಖ್ಯ ಅಂತ ಆರಿಸಿಕೊಂಡು ಒಂದೇ ಹಾಳೆಯಲ್ಲಿ ಕೂಡಿಸಿದ್ದು. ಬಿಡಿ ಬಿಡಿಯಾಗಿ ಆಕಾರ ಹಿಡಿಯುವ ಕಣ್ಣಿಗೆ ಬಿಡಿ ಕೋಶ ಕಂಡಿತು ಅಂತ ನಾನು ನಂಬುತ್ತೇನೆ. ಆದರೆ ಕಹಾಲ್ ಗೆದ್ದದ್ದು ಚಿತ್ರ ಚೆನ್ನಾಗಿತ್ತು ಅಂತಲ್ಲ. ಬೆಳೆದ ಮಿದುಳಿನಲ್ಲಿ ಗೋಜಲು ಜಾಸ್ತಿ ಅಂತ ಅವರು ಇನ್ನೂ ಮೊಟ್ಟೆಯೊಳಗಿರುವ ಹಕ್ಕಿಮರಿಗಳ ಮಿದುಳನ್ನು ತೆಗೆದುಕೊಂಡು ನೋಡಿದರು, ಅಲ್ಲಿ ಕೋಶಗಳು ಇನ್ನೂ ಸರಳವಾಗಿರುತ್ತವೆ, ತುದಿ ಎಲ್ಲಿ ಮುಗಿಯುತ್ತದೆ ಅಂತ ಯಾರಾದರೂ ನೋಡಬಹುದು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಸಣ್ಣ ಸಂದಿಯನ್ನು ಕಣ್ಣೆದುರು ತಂದಿಟ್ಟಿತು. ಆಮೇಲೆ ಕೆಲವು ಕಡೆ ಕೋಶಗಳ ನಡುವೆ ನೇರ ಸಂಪರ್ಕವೂ ಇದೆ ಅಂತ ತಿಳಿಯಿತು. ಗೊಲ್ಗಿ ಹೇಳಿದ ಬಲೆ ಅದಲ್ಲ, ಆದರೆ ಕೋಶಗಳು ಎಲ್ಲಾ ಕಡೆಯೂ ದೂರವೇ ನಿಲ್ಲುತ್ತವೆ ಅನ್ನುವ ಮಾತನ್ನೂ ಅದು ಸಡಿಲ ಮಾಡಿತು.

ಇನ್ನು ನೋಟ ಕೈಕೊಟ್ಟದ್ದೂ ಇದೆ. ಮಂಗಳ ಗ್ರಹದ ಕಾಲುವೆಗಳ ವಿಷಯ ನಿನಗೆ ಗೊತ್ತೇ ಇರುತ್ತದೆ. ಪರ್ಸಿವಲ್ ಲೊವೆಲ್ ಸ್ವಂತ ದುಡ್ಡಿನಲ್ಲಿ ವೀಕ್ಷಣಾಲಯ ಕಟ್ಟಿಸಿ, ವರ್ಷಗಟ್ಟಲೆ ನೋಡಿ, ನೇರ ನೇರ ಗೆರೆಗಳ ನಕ್ಷೆ ಬರೆದರು. ಯಾರೋ ಬುದ್ಧಿವಂತರು ತೋಡಿದ ಕಾಲುವೆ ಅಂದರು. 1903ರಲ್ಲಿ ಎಡ್ವರ್ಡ್ ಮೌಂಡರ್ ಶಾಲೆಯ ಹುಡುಗರ ಮುಂದೆ ಬರೀ ಚುಕ್ಕೆ, ಮಚ್ಚೆ ಇರುವ ಚಿತ್ರ ಇಟ್ಟು ದೂರದಿಂದ ನೋಡಿ ಬರೆಯಿರಿ ಅಂದರೆ ಎಷ್ಟೋ ಹುಡುಗರು ಚುಕ್ಕೆಗಳ ನಡುವೆ ಗೆರೆ ಎಳೆದಿದ್ದರು. 1965ರಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ಫೋಟೋ ತೆಗೆಯಿತು. ಕಾಲುವೆ ಇಲ್ಲ, ಕುಳಿಗಳಿದ್ದವು. ಲೊವೆಲ್ ಸುಳ್ಳು ಹೇಳುವವರಲ್ಲ. ಕಂಡದ್ದನ್ನೇ ಬರೆದರು. ಪ್ರಾಮಾಣಿಕವಾಗಿ ಬರೆದ ಮಾತ್ರಕ್ಕೆ ಅದು ನಿಜ ಆಗಿಬಿಡುವುದಿಲ್ಲ ಅನ್ನುವುದು ಈ ಕಸುಬಿನಲ್ಲಿ ಒಪ್ಪಿಕೊಳ್ಳುವುದಕ್ಕೆ ಕಷ್ಟವಾದ ಮಾತು, ಕಥೆಗಾರರಿಗಂತೂ ಇನ್ನೂ ಕಷ್ಟ.

ಅದಕ್ಕೇ "ಅವರವರ ಸತ್ಯ ಅವರವರಿಗೆ" ಅನ್ನುವ ಮಾತು ನನಗೆ ಸೇರುವುದಿಲ್ಲ. ಕೇಳುವುದಕ್ಕೆ ಉದಾರವಾಗಿದೆ, ಆದರೆ ಅದು ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ. 1921ರಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿದರು. ಆ ನೀಲಿ ಆಕಾಶದ ಪ್ರತಿಬಿಂಬ ಅಷ್ಟೇ ಅಂತ ರೇಲಿಯಂಥ ದೊಡ್ಡ ವಿಜ್ಞಾನಿಯೇ ಹೇಳಿದ್ದರು. ರಾಮನ್‌ಗೆ ಹಾಗನಿಸಲಿಲ್ಲ. ನನಗೆ ಹಾಗನಿಸಲಿಲ್ಲ ಅಂತ ಹೇಳಿ ನಿಲ್ಲಿಸಿದ್ದರೆ ಅದು ಅವರ ಅಭಿಪ್ರಾಯವಾಗಿ ಉಳಿಯುತ್ತಿತ್ತು. ಅವರ ಹತ್ತಿರ ನಿಕೋಲ್ ಪ್ರಿಸಂ ಇತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕು ಕಣ್ಣಿಗೆ ಬೀಳುವುದಿಲ್ಲ. ಹಿಡಿದು ನೋಡಿದರು. ನೀಲಿ ಹಾಗೇ ಇತ್ತು. ಸಂಶಯ ರಾಮನ್ ಅವರದು, ಆ ಸಂಶಯ ಇನ್ನೊಬ್ಬರಿಗೆ ಬರದೇ ಹೋಗಬಹುದು. ಪ್ರಿಸಂ ಮಾತ್ರ ಯಾರು ಬೇಕಾದರೂ ಹಿಡಿದು ನೋಡಬಹುದಾದದ್ದು.

ಈಗ ನಿನ್ನ ಲೇಖನಕ್ಕೆ ಬರುತ್ತೇನೆ. "ಇರುವೆಗಳು ಅಡೆತಡೆಗಳನ್ನು ನಿವಾರಿಸಿಕೊಂಡು ತಮ್ಮ ಪಥವನ್ನು ಪುನಃ ಸ್ಥಾಪಿಸುವುದನ್ನು ಗಮನಿಸಲಾಗಿದೆ" ಅಂತ ಬರೆದಿದ್ದೀಯ. ಗಮನಿಸಿದ್ದು ಯಾರು? ಎಲ್ಲಿ? ಎಷ್ಟು ಹೊತ್ತು? ನೀನು ಜೊತೆಗೆ ಕಳಿಸಿದ ಟಿಪ್ಪಣಿ ಓದಿದರೆ ಬೇರೆಯೇ ಲೋಕ ಇದೆ. ಗೋಡೆಯ ಮೇಲೆ ಹೋಗುತ್ತಿದ್ದ ಸಾಲನ್ನು ಒಂದು ಕಡೆ ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸಿದ ಜಾಗದ ಅಂಚಿಗೆ ಬಂದ ಇರುವೆಗಳು ನಿಂತವು, ಮೀಸೆ ಆಡಿಸಿದವು, ಕೆಲವು ಹಿಂದೆ ತಿರುಗಿದವು, ಒಂದು ಮಾತ್ರ ಅಡ್ಡಾದಿಡ್ಡಿ ಸುತ್ತಿ ಆಚೆ ದಡ ಸೇರಿತು, ಆಮೇಲೆ ಬಂದವು ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಹೋದವು. ಅಬ್ಬಾ, ಇದನ್ನು ಬಿಟ್ಟು ಆ ಒಣ ವಾಕ್ಯ ಯಾಕೆ ಬರೆದೆ? ಇರುವೆ ನೆಲಕ್ಕೆ ಹಚ್ಚುವ ವಾಸನೆಯ ಗುರುತನ್ನು ನೀನು ಒರೆಸಿ ಹಾಕಿದೆ ಅನ್ನುವುದು ಈ ನಾಲ್ಕು ಸಾಲಿನಲ್ಲಿ ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ. ಬಟ್ಟೆ ಹಿಡಿದ ಕೈ ನಿನ್ನದು ಅಂತ ಹೇಳು. ಹಾಗೆ ಹೇಳಿದರೆ ಓದಿದವರು ತಮ್ಮ ಮನೆಯ ಗೋಡೆಯ ಮೇಲೂ ಮಾಡಿ ನೋಡಬಹುದು, ನೀನು ತಪ್ಪಿದ್ದರೆ ಹಿಡಿಯಬಹುದು. "ಗಮನಿಸಲಾಗಿದೆ" ಅಂದರೆ ಯಾರನ್ನು ಹಿಡಿಯುವುದು?

ಆದರೆ ಆ ಒಂದು ಧೈರ್ಯದ ಇರುವೆಯ ಮೇಲೆ ನಿನಗೆ ಪ್ರೀತಿ ಬಂದಿದೆ, ಅದು ಟಿಪ್ಪಣಿಯಲ್ಲೇ ಕಾಣುತ್ತದೆ. ಅದರ ಬಗ್ಗೆ ಒಂದು ಪುಟ, ಹಿಂದೆ ತಿರುಗಿ ಹೋದವುಗಳ ಬಗ್ಗೆ ಅರ್ಧ ಸಾಲು. ಪ್ರಾಣಿಗಳನ್ನು ನೋಡುವವರಿಗೆಲ್ಲ ಇರುವ ತೊಂದರೆ ಇದು. ಜಗಳ ಆದ ಕಡೆಗೆ ಕಣ್ಣು ಹೋಗುತ್ತದೆ, ದೊಡ್ಡ ಗಂಡು ಗುಟುರು ಹಾಕಿದರೆ ಪೆನ್ನು ಅಲ್ಲಿಗೇ ಓಡುತ್ತದೆ, ಸುಮ್ಮನೆ ಕೂತ ತಾಯಿ ಕಾಣುವುದೇ ಇಲ್ಲ. ಜೀನ್ ಆಲ್ಟ್‌ಮನ್ ಗಣಿತ ಓದಿ ಆಮೇಲೆ ಬಬೂನ್ ಕೋತಿಗಳ ಅಧ್ಯಯನಕ್ಕೆ ಬಂದವರು. 1974ರ ಒಂದು ಪ್ರಬಂಧದಲ್ಲಿ ಅವರು ಈ ತೊಂದರೆಯನ್ನು ಬಿಡಿಸಿ ಹೇಳಿ, ಇದಕ್ಕೆ ಒಂದು ವಿಧಾನ ಹಾಕಿಕೊಟ್ಟರು. ಯಾವ ಪ್ರಾಣಿಯನ್ನು ಎಷ್ಟು ಹೊತ್ತು ನೋಡುವುದು ಅಂತ ಮೊದಲೇ ನಿಗದಿ ಮಾಡಿಕೋ. ಆ ಹೊತ್ತು ಮುಗಿಯುವ ತನಕ ಅದನ್ನೇ ನೋಡು. ಅದು ಮೈ ಕೆರೆದುಕೊಂಡರೆ ಅದನ್ನು ಬರೆ, ಸುಮ್ಮನೆ ಕೂತರೆ ಅದನ್ನೂ ಬರೆ, ಆಚೆ ಕಡೆ ಏನೇ ಗಲಾಟೆ ಆಗಲಿ. ಆಮೇಲೆ ಮುಂದಿನ ಪ್ರಾಣಿ. ಇವತ್ತಿಗೂ ಕಾಡಿನಲ್ಲಿ ಪ್ರಾಣಿಗಳ ನಡವಳಿಕೆ ನೋಡುವವರು ಇದನ್ನು ಪಾಲಿಸುತ್ತಾರೆ. ನೋಡುವವರ ಇಷ್ಟಾನಿಷ್ಟ ಮಾಯವಾಗುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಅನ್ನುವುದು ಇನ್ನೂ ಅವರದೇ ಆಯ್ಕೆ. ಆದರೆ ಕಣ್ಣು ಎತ್ತ ಹೋಗಬೇಕು ಅನ್ನುವುದನ್ನು ಆ ಕ್ಷಣದ ಕುತೂಹಲಕ್ಕೆ ಬಿಡುವುದಿಲ್ಲ.

ಇದು ವಿಜ್ಞಾನಿಗಳ ತಲೆನೋವು, ಕಥೆಗಾರರಿಗೆ ಯಾಕೆ ಅನ್ನಬೇಡ. ಆಂಟನ್ ಚೆಕಾವ್ 1890ರಲ್ಲಿ ಸಖಾಲಿನ್ ದ್ವೀಪಕ್ಕೆ ಹೋದರು, ಕೈದಿಗಳನ್ನು ಗಡೀಪಾರು ಮಾಡಿ ಇಡುತ್ತಿದ್ದ ಜಾಗ. ಅಷ್ಟು ಹೊತ್ತಿಗೆ ಕಥೆಗಾರರಾಗಿ ಹೆಸರು ಮಾಡಿದ್ದರು. ಹೋಗಿ ನಾಲ್ಕು ಜನರನ್ನು ಮಾತಾಡಿಸಿ ಮನ ಕಲಕುವ ಹಾಗೆ ಬರೆಯುವುದು ಅವರಿಗೆ ಏನೂ ಕಷ್ಟವಿರಲಿಲ್ಲ. ಅವರು ಮಾಡಿದ್ದೇ ಬೇರೆ. ಜನಗಣತಿಯ ಹಾಗೆ ಕಾರ್ಡ್ ಅಚ್ಚು ಹಾಕಿಸಿಕೊಂಡು, ಹೆಸರು, ವಯಸ್ಸು, ಧರ್ಮ, ಹುಟ್ಟಿದ ಊರು, ಓದು ಬರಹ ಬರುತ್ತದೆಯೇ ಅಂತ ಗುಡಿಸಲು ಗುಡಿಸಲಿಗೆ ಹೋಗಿ ಕೇಳಿ ತುಂಬಿಸಿದರು, ಸುಮಾರು ಮೂರು ತಿಂಗಳು, ಸಾವಿರಾರು ಕಾರ್ಡು. ವೈದ್ಯರಾಗಿದ್ದರಲ್ಲ, ರೋಗಿಯ ಹತ್ತಿರ ಕೂತು ಒಂದೊಂದಾಗಿ ಕೇಳುವ ಅಭ್ಯಾಸ ಇತ್ತು ಅಂತ ಕಾಣುತ್ತದೆ. ಎಲ್ಲರನ್ನೂ ಕೇಳಿದ್ದರಿಂದ, ತಾವಾಗಿ ಹುಡುಕಿಕೊಂಡು ಹೋಗದೇ ಇರಬಹುದಾಗಿದ್ದ ಜನರ ಬಾಗಿಲನ್ನೂ ಅವರು ತಟ್ಟಬೇಕಾಯಿತು.

ನಿನ್ನ ಕಥೆಯಲ್ಲಿ ನನಗೆ ಕೊರತೆ ಅನಿಸಿದ್ದು ಇದೇ. ಅದರಲ್ಲಿ ಬರುವ ತಂಗಿಗೆ ಅಣ್ಣನ ಮೇಲಿರುವ ಸಿಟ್ಟು ಚೆನ್ನಾಗಿ ಬಂದಿದೆ, ಓದುವಾಗ ನನಗೂ ಮೈ ಬಿಸಿಯಾಯಿತು. ಅಪ್ಪ ಕಟ್ಟಿಸಿದ ಮನೆ ಮಾರಿದ ಅಣ್ಣ ಮಾತ್ರ ಕಥೆಯುದ್ದಕ್ಕೂ ಒಂದು ಪೂರ್ತಿ ವಾಕ್ಯ ಆಡುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತಾನೆ, ಬೆನ್ನು ಹಾಕುತ್ತಾನೆ, ಹೋಗುತ್ತಾನೆ. ಕಥೆ ತಂಗಿಯ ಕಣ್ಣಿನದು, ಅವಳಿಗೆ ಕಂಡಷ್ಟೇ ಬರಬೇಕು ಅಂತ ನೀನು ಅನ್ನಬಹುದು, ಸರಿಯೇ. ಆದರೆ ಅವಳಿಗೆ ಕಾಣದ್ದು ಏನು ಅಂತ ಬರೆಯುವ ನಿನಗಾದರೂ ಗೊತ್ತಿರಬೇಕು. ಸದ್ಯಕ್ಕೆ ಅವಳಿಗೆ ತಿಳಿಯದ್ದು ನಿನಗೂ ತಿಳಿದಿಲ್ಲ, ಅದು ಓದುವಾಗ ಗೊತ್ತಾಗಿಬಿಡುತ್ತದೆ.

ಚಾರ್ಲ್ಸ್ ಡಾರ್ವಿನ್ ತಮ್ಮ ಆತ್ಮಕಥೆಯಲ್ಲಿ ಒಂದು ಅಭ್ಯಾಸದ ಬಗ್ಗೆ ಹೇಳಿದ್ದಾರೆ. ತಾನು ನಂಬಿದ್ದಕ್ಕೆ ವಿರುದ್ಧವಾದ ಸಂಗತಿ ಕಂಡರೆ, ಓದಿದರೆ, ಕೊನೆಗೆ ಅಂಥ ಯೋಚನೆ ಬಂದರೂ ಸಾಕು, ಆಗಿಂದಾಗಲೇ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಯಾಕೆ ಅಂದರೆ ತನಗೆ ಅನುಕೂಲವಾದದ್ದಕ್ಕಿಂತ ಅಂಥವು ಬೇಗ ಮರೆತು ಹೋಗುತ್ತವೆ ಅಂತ ಅವರಿಗೆ ಅನುಭವದಿಂದ ಗೊತ್ತಾಗಿತ್ತು. ನೀನೂ ಟಿಪ್ಪಣಿ ಪುಸ್ತಕದಲ್ಲಿ ಎಡಗಡೆಯ ಪುಟವನ್ನು ಇದಕ್ಕೇ ಬಿಡು. ಹಿಂದೆ ತಿರುಗಿದ ಇರುವೆಗಳು ಅಲ್ಲಿಗೆ. ತಂಗಿಯ ಸಿಟ್ಟಿಗೆ ಹೊಂದದ ಅಣ್ಣನ ನಡವಳಿಕೆಯೂ ಅಲ್ಲಿಗೆ. ಒಂದಂತೂ ಈಗಲೇ ನಿನ್ನ ಕಥೆಯಲ್ಲಿ ಇದೆ, ನೀನೇ ಬರೆದು ಮರೆತಿದ್ದೀಯ. ಮಾರಾಟದ ಪತ್ರಕ್ಕೆ ಸಹಿ ಹಾಕುವ ಹಿಂದಿನ ದಿನ ಅವನು ಒಬ್ಬನೇ ಬಂದು ಸೋರುವ ಮಾಡು ಸರಿ ಮಾಡಿಸಿ ಹೋಗುತ್ತಾನೆ. ಮಾರುವ ಮನೆಯ ಮಾಡು ಯಾಕೆ ಸರಿ ಮಾಡಿಸಿದ?

ಆ ದಿನವನ್ನು ಅಣ್ಣನ ಕಡೆಯಿಂದ ಬರೆದು ನೋಡು. ಕಥೆಗೆ ಸೇರಿಸಲೇಬೇಕು ಅಂತಿಲ್ಲ, ಅಚ್ಚಿಗೂ ಬೇಡ. ಎರಡು ಪುಟ ಸಾಕು. ಅವನನ್ನು ಒಳ್ಳೆಯವನನ್ನಾಗಿ ಮಾಡುವುದಕ್ಕೆ ಹೋಗಬೇಡ. ಅವನಿಗೆ ಏನು ಕಾಣುತ್ತಿತ್ತು ಅಂತ ಮಾತ್ರ ಬರೆ. ಆಮೇಲೆ ತಂಗಿಯ ಕಥೆಯನ್ನು ಇನ್ನೊಂದು ಸಲ ಓದಿ, ಯಾವ ಸಾಲು ಬದಲಾಗಬೇಕು ಅನಿಸಿತೋ ಅದಕ್ಕೆ ಗುರುತು ಹಾಕಿ ಎರಡನ್ನೂ ಕಳಿಸು.

ಪ್ರೀತಿಯಿಂದ,
ಅಕ್ಕ